ಪೇವರ್ ಬ್ಲಾಕಿಗೆ ಒಪ್ಪುವ ಟೈರು

ನನ್ನ ಭಾವ ಪಾವ್ ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮಾವಿನ ಹಣ್ಣನ್ನೂ ಹಾಗೆಯೇ, ಸೋಫಾವನ್ನೂ ಹಾಗೆಯೇ. ಕಲ್ಯಾಣದಿಂದ ಮುರ್ಬಾಡಿಗೆ ಹೋಗುವ ರಸ್ತೆಯ ಟೈರಿನ ಅಂಗಡಿಯಲ್ಲಿ, ತಮ್ಮ ಎದೆಯೆತ್ತರಕ್ಕೆ ನಿಂತಿದ್ದ ಟ್ರ್ಯಾಕ್ಟರಿನ ಹಿಂದಿನ ಟೈರನ್ನೂ ಅವರು ಹೆಬ್ಬೆರಳಿನಿಂದ ಒತ್ತಿದರು. ಒತ್ತಿ, ಗಂಭೀರವಾಗಿ ತಲೆಯಾಡಿಸಿದರು. ಅಷ್ಟು ಗಟ್ಟಿ ರಬ್ಬರಿನಿಂದ ಅವರ ಹೆಬ್ಬೆರಳಿಗೆ ಏನು ತಿಳಿಯಿತೋ ನನಗೆ ಗೊತ್ತಿಲ್ಲ. ಅವರ ಉಗುರಿನ ತುದಿ ಮಾತ್ರ ಸ್ವಲ್ಪ ಹೊತ್ತು ಬಿಳಿಚಿಕೊಂಡಿತ್ತು.

ಭಾವ ಎಂದರೆ ನನ್ನ ಗಂಡನ ಅಣ್ಣ. ಡೊಂಬಿವಲಿಯ ನಮ್ಮ ಸೊಸೈಟಿಗೆ ಅವರೇ ಸೆಕ್ರೆಟರಿ. ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಅವರ ಬಳಿ ಸಮಯವೂ ಅಭಿಪ್ರಾಯಗಳೂ ಧಾರಾಳವಾಗಿ ಉಳಿದವು. ಅವರು, ನನ್ನ ಗಂಡ, ನೌಪಾಡಾದಲ್ಲಿ ಹೋಟೆಲು ನಡೆಸುವ ಅವರ ಗೆಳೆಯ, ಮೂವರೂ ಸೇರಿ ಕಲ್ಯಾಣದ ಆಚೆ ಒಂದಿಷ್ಟು ಜಮೀನು ಕೊಂಡರು. ಮೂವರೂ ಕರಾವಳಿಯವರು, ಮೂವರ ಅಜ್ಜಂದಿರೂ ಗದ್ದೆ ಮಾಡಿದವರು. ಭತ್ತದ ಬೇಸಾಯ ಸಕ್ಕರೆ ಕಾಯಿಲೆಯ ಹಾಗೆ ರಕ್ತದಲ್ಲೇ ಬರುತ್ತದೆ ಎಂದು ಅವರು ನಂಬಿದ್ದರು. ನೌಪಾಡಾದವರ ಪಾದಕ್ಕೆ ನೀರು ತಾಗುವುದು ಹೋಟೆಲಿನ ನೆಲ ತೊಳೆಸುವಾಗ ಮಾತ್ರ, ಅದೂ ಅವರು ಕಾಲು ಎತ್ತಿಕೊಳ್ಳಲು ಮರೆತ ದಿನ.

ಆ ಜಮೀನಿನ ಮೇಲ್ಭಾಗ ಗಟ್ಟಿ ಮುರ್ರಮ್ಮು, ಕೆಂಪು ಗರಸು ಮಣ್ಣು. ನಡುವೆ ಕಲ್ಲು ಕಲ್ಲಾದ ಇಳಿಜಾರು. ಕೆಳಗೆ ಹಳ್ಳದ ಪಕ್ಕ ಎರಡು ಗದ್ದೆಗಳು, ಕಪ್ಪು ಅಂಟುಮಣ್ಣಿನವು. ಕಾನ್ವೆಂಟಿನಲ್ಲಿ ಭೂಗೋಳ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಅಂಗೈಗೆ ಒದ್ದೆ ಮಣ್ಣು ಹಾಕಿ ಮುಷ್ಟಿ ಬಿಗಿಯಲು ಹೇಳುತ್ತಿದ್ದರು. ಬೆರಳಿನ ಗೆರೆ ಉಳಿದರೆ ಜೇಡಿ, ಉದುರಿದರೆ ಮರಳು. ಹಿಂದಿನ ಮಳೆಗಾಲದಲ್ಲಿ ಜಮೀನು ನೋಡಲು ಹೋದಾಗ ಕೆಳಗಿನ ಗದ್ದೆಯಲ್ಲಿ ನನ್ನ ಚಪ್ಪಲಿ ಹೂತುಹೋಯಿತು. ಅದನ್ನು ಎಳೆದು ತೆಗೆಯಲು ಊರಿದ ಬರಿಗಾಲಿನ ಆಕಾರ, ಬೆರಳು ಬೆರಳಾಗಿ, ಮಣ್ಣಿನಲ್ಲಿ ಅಚ್ಚೊತ್ತಿದಂತೆ ಉಳಿದಿತ್ತು. ಗಂಡಸರು ಆಗ ಮೇಲೆ ನಿಂತು ಗೇಟು ಎಷ್ಟು ಅಗಲ ಇರಬೇಕೆಂದು ವಾದಿಸುತ್ತಿದ್ದರು.

ಗೇಟಿನ ನಂತರ ಬಂದದ್ದು ಪೇವರ್ ಬ್ಲಾಕು. ಬಾವಿಗಿಂತ ಮೊದಲು, ಬೇಲಿಗಿಂತ ಮೊದಲು. ಸೊಸೈಟಿಯ ಅಂಗಳಕ್ಕೆ ಪೇವರ್ ಬ್ಲಾಕು ಹಾಕಿಸಿದ್ದು ಭಾವನ ಜೀವನದ ದೊಡ್ಡ ಸಾಧನೆ. ಅದರ ಮೇಲೆ ಗ್ಯಾಸ್ ಸಿಲಿಂಡರ್ ಉರುಳಿಸಿದವರ ಜೊತೆ ಅವರು ಇವತ್ತಿಗೂ ಮಾತಾಡುವುದಿಲ್ಲ. ಜಮೀನಿನಲ್ಲೂ ಗೇಟಿನಿಂದ ಅಲ್ಲಿದ್ದ ಸಣ್ಣ ಮನೆಯವರೆಗೆ, ಮನೆಯಿಂದ ಇಳಿಜಾರಿನ ತುದಿಯವರೆಗೆ, ಕೆಂಪು ಒಂದು ಸಾಲು ಬೂದು ಒಂದು ಸಾಲಿನಂತೆ ಹಾಕಿಸಿದರು.

ಜಮೀನು ನೋಡಿಕೊಳ್ಳಲು ರಾಯಚೂರು ಕಡೆಯ ಗಂಡ ಹೆಂಡತಿಯನ್ನು ತಂದಿಟ್ಟಿದ್ದರು. ಅವನು ಮೊದಲು ತುರ್ಭೆಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದವನು, ಸೊಂಟ ಹಿಡಿದುಕೊಂಡ ಮೇಲೆ ಆ ಕೆಲಸ ಬಿಟ್ಟವನು. ಟ್ರ್ಯಾಕ್ಟರ್ ಓಡಿಸಲು ಬರುತ್ತಿತ್ತು. ಸಂಬಳದ ಜೊತೆಗೆ ಅವರಿಗೆ ಕೊಟ್ಟ ಮಾತು ಒಂದೇ: ಕೆಳಗಿನ ಎರಡು ಗದ್ದೆ ನೀವೇ ಮಾಡಿ, ಬೆಳೆದದ್ದರಲ್ಲಿ ಅರ್ಧ ನಿಮಗೆ. ಆ ಅರ್ಧವನ್ನು ನಂಬಿಯೇ ಅವರು ಬಂದದ್ದು. ವರ್ಷಪೂರ್ತಿ ಅಂಗಡಿಯ ಅಕ್ಕಿ ಮುಟ್ಟದೆ ಇರಬೇಕು ಎಂಬುದು ಅವಳ ಆಸೆ. ಅದನ್ನು ಅವಳು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ, ಪ್ರತಿ ಸಲವೂ ಸ್ವಲ್ಪ ನಾಚಿಕೊಂಡೇ.

ಮೇ ತಿಂಗಳಲ್ಲಿ ಒಂದು ಹಳೆಯ ಟ್ರ್ಯಾಕ್ಟರ್ ಬಂತು. ಹಿಂದಿನ ಟೈರುಗಳು ಸವೆದು ಬೋಳಾಗಿದ್ದರಿಂದ ಹೊಸದು ಹಾಕಿಸಬೇಕಿತ್ತು. ಹಾಗಾಗಿ ಆ ಅಂಗಡಿಗೆ ಹೋದದ್ದು. ನಾನು ಹೋದದ್ದು ಚಹಾದ ಥರ್ಮಾಸ್ ಹಿಡಿದುಕೊಂಡು. ರಾಯಚೂರಿನವನನ್ನು ಕರೆದುಕೊಂಡು ಹೋದದ್ದು ಟೈರನ್ನು ಟೆಂಪೋಗೆ ಏರಿಸಲು.

ಅಂಗಡಿಯವನು ಮರಾಠಿ ಮನುಷ್ಯ, ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡಿದ್ದ. ಟ್ರ್ಯಾಕ್ಟರಿನ ಬಗ್ಗೆ ಏನನ್ನೂ ಕೇಳದೆ ಮೊದಲು, "ಜಮೀನ್ ಕಶೀ ಆಹೆ?" ಎಂದ. ನೆಲ ಎಂಥದ್ದು ಎಂದು ಕೇಳಿದ್ದು.

"ಏಕ್‌ದಮ್ ಫಸ್ಟ್ ಕ್ಲಾಸ್" ಎಂದರು ಭಾವ.

"ರೋಡ್ ಟಚ್" ಎಂದರು ನೌಪಾಡಾದವರು.

"ಕ್ಲಿಯರ್ ಟೈಟಲ್" ಎಂದರು ನನ್ನ ಗಂಡ.

ಅಂಗಡಿಯವನು ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಫ್ಲ್ಯಾಟು ಬಿಟ್ಟು ಬೇರೇನನ್ನೂ ಕೊಂಡು ಗೊತ್ತಿಲ್ಲದವರು ನೆಲವೆಂದರೆ ಕಾಗದ ಎಂದೇ ತಿಳಿಯುತ್ತಾರೆ ಎಂಬುದು ಅವನಿಗೆ ಹೊಸದಲ್ಲವೇನೋ. ಸಿಟ್ಟಾಗದೆ ಎದ್ದು, ಮೂರು ಥರದ ಟೈರು ತೋರಿಸಿದ. ಟೈರಿನ ಮೇಲಿನ ಉಬ್ಬು ಪಟ್ಟಿಗಳಿಗೆ ಅವನು ಹಲ್ಲು ಎನ್ನುತ್ತಿದ್ದ. ಒಂದರದ್ದು ಸಾಧಾರಣ ಹಲ್ಲು. ಒಣ ನೆಲ ಉಳಲು, ಟ್ರಾಲಿ ಎಳೆಯಲು, ಹೆಚ್ಚಿನವರು ಒಯ್ಯುವುದು ಅದನ್ನೇ. ಇನ್ನೊಂದು ಎತ್ತರದ, ದೂರ ದೂರ ಕೂತ ಹಲ್ಲಿನದು. ನೀರು ನಿಂತ ಭತ್ತದ ಗದ್ದೆಗೆ. ಎರಡು ಹಲ್ಲುಗಳ ನಡುವೆ ಹೊಕ್ಕ ಕೆಸರು ಗಾಲಿ ತಿರುಗಿದಾಗ ತಾನಾಗಿ ಉದುರಬೇಕು, ಉದುರದಿದ್ದರೆ ಹಲ್ಲು ಇದ್ದೂ ಇಲ್ಲದ ಹಾಗೆ, ಎಂದು ವಿವರಿಸಿದ. ಆದರೆ ಡಾಂಬರು ರಸ್ತೆಯಲ್ಲಿ ಓಡಿಸಿದರೆ ಇದು ಬೇಗ ಸವೆಯುತ್ತದೆ ಎಂದು ಎಚ್ಚರಿಸುವುದನ್ನೂ ಮರೆಯಲಿಲ್ಲ. ಮೂರನೆಯದು ಅಗಲವಾಗಿ, ಗಿಡ್ಡ ಹಲ್ಲುಗಳು ಒತ್ತೊತ್ತಾಗಿ ಕೂತು, ನೋಡಲು ಬಹಳ ಚಂದ ಇತ್ತು. ಯಾವುದೋ ಕ್ಲಬ್ಬಿನ ಹುಲ್ಲುಹಾಸಿಗೆಂದು ತರಿಸಿದ್ದು, ಅವರು ಒಯ್ಯಲಿಲ್ಲ, ಹುಲ್ಲಿನ ಮೇಲೆ ಹೋದರೆ ಗುರುತೂ ಬೀಳುವುದಿಲ್ಲ ಎಂದ.

ಗುರುತು ಬೀಳುವುದಿಲ್ಲ ಎಂಬ ಮಾತು ಭಾವನ ಕಿವಿಗೆ ಬಿತ್ತು. ಅದಕ್ಕಿಂತ ಮುಂಚೆ ಹೇಳಿದ್ದೆಲ್ಲ ಎಲ್ಲಿಗೆ ಹೋಯಿತೋ. "ಪೇವರ್ ಬ್ಲಾಕ್ ಮೇಲೆ?" ಎಂದು ಕೇಳಿದರು. ಅಂಗಡಿಯವನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಪೇವರ್ ಬ್ಲಾಕಿಗೂ ಏನೂ ಆಗುವುದಿಲ್ಲ ಎಂದು ನಿಜವನ್ನೇ ಹೇಳಿದ.

ರಾಯಚೂರಿನವನು ಅಷ್ಟರಲ್ಲಿ ಎತ್ತರದ ಹಲ್ಲಿನ ಟೈರಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಎರಡು ಹಲ್ಲಿನ ನಡುವೆ ನಾಲ್ಕು ಬೆರಳು ಇಟ್ಟು ಆಳ ನೋಡುತ್ತಿದ್ದ. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರಿನ ಕೂದಲು ಇರುತ್ತದಲ್ಲ, ಅದನ್ನು ಬೆರಳಿನಿಂದ ಸವರಿದ. ಭಾವ, "ಅದನ್ನು ಮುಟ್ಟಬೇಡ, ಅದು ನಮ್ದಲ್ಲ" ಎಂದರು. ಅವನು ಎದ್ದು ಕೈಯನ್ನು ಲುಂಗಿಗೆ ಒರೆಸಿಕೊಂಡ.

ನಾನು ಹಿರಿಯರ ಮಾತಿನ ನಡುವೆ ಬಾಯಿ ಹಾಕುವವಳಲ್ಲ. ಹಾಗೆ ಕಲಿಸಿದ್ದಾರೆ. ಆದರೂ ಚಹಾ ಕೊಡುವ ನೆಪದಲ್ಲಿ ಹತ್ತಿರ ಹೋಗಿ, ಕೆಳಗಿನ ಗದ್ದೆ ಬಹಳ ಅಂಟು ಭಾವ, ಅವನನ್ನೊಮ್ಮೆ ಕೇಳಬಹುದಿತ್ತು ಎಂದೆ.

"ನೀನು ಚಾ ಕೊಡು ಮಾರಾಯ್ತಿ" ಎಂದರು ಭಾವ. "ಇದು ಮಿಕ್ಸಿ ಅಲ್ಲ."

ನೌಪಾಡಾದವರು ನಕ್ಕರು. ನನ್ನ ಗಂಡ ನಗಲಿಲ್ಲ. ಫೋನಿನಲ್ಲಿ ಏನನ್ನೋ ಹುಡುಕುವ ಹಾಗೆ ಮಾಡಿದರು. ಅವರ ಧೈರ್ಯ ಅಷ್ಟಕ್ಕೇ ಮುಗಿಯುತ್ತದೆ. ಹುಲ್ಲುಹಾಸಿನ ಟೈರುಗಳು ಟೆಂಪೋ ಏರಿದವು.

ಜೂನಿನ ಮೊದಲ ಮಳೆಗೆ ರಾಯಚೂರಿನವನ ಹೆಂಡತಿ ಹಳ್ಳದ ಬದಿಯ ಒಂದು ಮೂಲೆಯಲ್ಲಿ ಸಸಿಮಡಿ ಮಾಡಿ ಬೀಜ ಚೆಲ್ಲಿದಳು. ನಮ್ಮ ಕಡೆ ನೇಜಿ ಎನ್ನುತ್ತೇವೆ. ನಾನು ಹೋದಾಗೆಲ್ಲ ನನ್ನನ್ನು ಮೊದಲು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಮಡಿಯ ಮೇಲೆ ನಿಂತ ನೀರನ್ನು ಅಂಗೈಯಿಂದ ಸರಿಸುವ ಅವಳ ರೀತಿ, ಮಲಗಿದ ಮಗುವಿನ ಹಣೆಯ ಕೂದಲು ಸರಿಸುವ ಹಾಗಿತ್ತು. ದಿನಗಳನ್ನು ಅವಳು ವಾರದ ಸಂತೆಯಿಂದ ಎಣಿಸುತ್ತಿದ್ದಳು.

"ಮೂರ್ ಸಂತಿಗೆ ಕಿತ್ತು ಹಚ್ಚಬೇಕ್ರಿ ಅಕ್ಕಾರ" ಎಂದಿದ್ದಳು. "ನಾಕನೇ ಸಂತಿಗೂ ನಡೀತೈತಿ, ಕಷ್ಟಪಟ್ಟು. ಐದನೇದಕ್ಕ ಗೆಣ್ಣು ಬಿಡತಾವು. ಮುದುಕೀನ ಕರಕೊಂಬಂದು ಮದಿವಿ ಮಾಡಿದಂಗ."

ಅಂದರೆ ಅಷ್ಟರೊಳಗೆ ಗದ್ದೆಗೆ ಟ್ರ್ಯಾಕ್ಟರ್ ಇಳಿದು, ನೀರು ಮಣ್ಣು ಕಲೆಸಿ ಕೆಸರಾಗಬೇಕು. ಮೂರನೇ ಸಂತೆ ಕಳೆದ ಮೇಲಿನ ಭಾನುವಾರ ಮುಹೂರ್ತವಾಯಿತು.

ಮೂವರೂ ಸಂಸಾರ ಸಮೇತ ಬಂದರು. ಕೋಳಿ ಸುಕ್ಕ, ನೀರುದೋಸೆ, ಐಸ್ ಪೆಟ್ಟಿಗೆ. ಭಾವ ಹೊಸ ಗಮ್‌ಬೂಟು ಹಾಕಿಕೊಂಡಿದ್ದರು, ಅಡಿಯಲ್ಲಿ ಬೆಲೆಯ ಚೀಟಿ ಇನ್ನೂ ಹಾಗೇ ಇತ್ತು. ಟ್ರ್ಯಾಕ್ಟರ್ ಪೇವರ್ ಬ್ಲಾಕಿನ ಮೇಲೆ ಇಳಿದು ಬರುವುದನ್ನು ಅವರು ವೀಡಿಯೋ ಮಾಡಿದರು. ಒಂದು ಗುರುತೂ ಬೀಳಲಿಲ್ಲ. ರಾಯಚೂರಿನವನಿಂದ ಎರಡು ಸಲ ಹಿಂದೆ ಮುಂದೆ ಓಡಿಸಿದರು.

ಆಮೇಲೆ ಅದು ಗದ್ದೆಗೆ ಇಳಿಯಿತು. ಅರ್ಧ ಸುತ್ತು ಹೋಗಿರಬೇಕು. ಗಿಡ್ಡ ಹಲ್ಲುಗಳ ನಡುವಿನ ಜಾಗವೆಲ್ಲ ಅಂಟುಮಣ್ಣಿನಿಂದ ತುಂಬಿ, ಟೈರು ಎಣ್ಣೆ ಸವರಿದ ರುಬ್ಬುಗುಂಡಿನ ಹಾಗೆ ನುಣ್ಣಗಾಯಿತು. ಗಾಲಿ ತಿರುಗುತ್ತಿತ್ತು, ಟ್ರ್ಯಾಕ್ಟರ್ ನಿಂತಲ್ಲೇ ನಿಂತಿತ್ತು. ಅವನು ಇಳಿದು, ಸ್ವಲ್ಪ ಗಾಳಿ ತೆಗೆದರೆ ಟೈರು ಅಗಲವಾಗಿ ಕೂತು ಹಿಡಿತ ಸಿಗಬಹುದು ಎಂದ. ಭಾವ ಒಪ್ಪಲಿಲ್ಲ. ಕಾರಿಗೆ ಗಾಳಿ ಕಮ್ಮಿಯಾದರೆ ಓಡುತ್ತದೆಯೇ ಎಂದು ಕೇಳಿ, ಕಾಲಿನ ಪಂಪು ತರಿಸಿ ಇನ್ನಷ್ಟು ಗಾಳಿ ಹಾಕಿಸಿದರು. ಟೈರು ಬಿಗಿದು ನಿಂತು, ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಹಿಂದಿನ ಅಚ್ಚು ಕೆಸರಿಗೆ ತಾಗುವವರೆಗೂ ತೋಡಿತು.

ಅವನು ಬದುವಿನ ಮೇಲೆ ನಿಂತು, ಮೊಣಕಾಲಿನ ಕೆಸರು ಕೆರೆಯುತ್ತ ಹೇಳಿದ: "ಸಾಹೇಬ್ರ, ನಮ್ಮ ಕಡಿ ಕೆಸರಿಗಿ ಬರೇ ಟೈರ್ ಹಾಕಂಗಿಲ್ರಿ. ಬಾಜೂಕ ಕಬ್ಬಿಣದ ಗಾಲಿ ಕಟ್ತಾರ. ಹಳ್ಳದಾಚಿ ರೈತನ ಹಂತ್ಯಾಕ ಅದಾವು. ಕೇಳ್ಲೇನ್ರಿ?"

"ಕಬ್ಬಿಣದ್ದು ಹಾಕಿದ್ರೆ ನನ್ನ ಪೇವರ್ ಬ್ಲಾಕು ಎಂತ ಆಗ್ತದೆ ಮಾರಾಯ?" ಎಂದರು ಭಾವ.

ಅವನಿಗೆ ಉತ್ತರ ಗೊತ್ತಿತ್ತು ಎಂದು ಈಗ ನನಗೆ ತಿಳಿದಿದೆ. ಆಗ ಅವನು ಬಾಯಿ ತೆರೆಯುವಷ್ಟರಲ್ಲಿ ಭಾವ ನೌಪಾಡಾದವರ ಕಡೆ ತಿರುಗಿ, ಗಂಡ ಹೆಂಡತಿಗೆ ಅರ್ಥವಾಗಬಾರದೆಂದು ತುಳುವಿನಲ್ಲಿ, ಜೋಳ ತಿನ್ನುವವರಿಗೆ ಭತ್ತದ ಗದ್ದೆಯ ಗಂಧ ಎಲ್ಲಿಂದ ಬರಬೇಕು, ಗಾಡಿ ಓಡಿಸಲೂ ಬಾರದೆ ಹೂತುಹಾಕಿದ ಎಂದರು. ಅವನ ಹೆಂಡತಿ ಹುಟ್ಟಿದ ಊರಿನಲ್ಲಿ ಕಾಲುವೆಯ ಉದ್ದಕ್ಕೂ ಭತ್ತ ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲ ಎಂದು ನನಗೆ ಅವಳೇ ಹೇಳಿದ್ದಳು. ಭಾಷೆ ತಿಳಿಯದಿದ್ದರೂ ದನಿ ತಿಳಿಯುತ್ತದೆ. ಅವಳು ಸೆರಗು ಬಿಗಿದು ಸಸಿಮಡಿಯ ಕಡೆ ಹೋದಳು. ನಾವು ಊಟಕ್ಕೆ ಕೂತೆವು. ಕೋಳಿಗೆ ಖಾರ ಸ್ವಲ್ಪ ಮುಂದಾಗಿದೆ ಎಂದು ಭಾವ ಅಲ್ಲಿಯೂ ಒಂದು ಅಭಿಪ್ರಾಯ ಕೊಟ್ಟರು.

ಸೋಮವಾರದಿಂದ ವಾಟ್ಸ್ಯಾಪ್ ಗುಂಪಿನಲ್ಲಿ ಬೇಸಾಯ ಶುರುವಾಯಿತು. ಭಾವ ಸೊಸೈಟಿಯ ಲಿಫ್ಟ್ ರಿಪೇರಿಗೆ ಬರೆಯುವ ಭಾಷೆಯಲ್ಲೇ ಬರೆದರು: ಮೂರು ಕಡೆಯಿಂದ ಕೊಟೇಶನ್ ತರಿಸುವುದು, ನಂತರ ಮೀಟಿಂಗಿನಲ್ಲಿ ತೀರ್ಮಾನಿಸುವುದು. ಮುಂದಿನ ಭಾನುವಾರ ನೌಪಾಡಾದವರಿಗೆ ಘಣಸೋಲಿಯಲ್ಲಿ ಗೃಹಪ್ರವೇಶ ಇದ್ದುದರಿಂದ ಮೀಟಿಂಗು ಅದರ ಮುಂದಿನ ಭಾನುವಾರಕ್ಕೆ ಹೋಯಿತು. ಈ ನಡುವೆ ಯಾರೋ ಯಾವುದೋ ದೇಶದ ಗದ್ದೆಯಲ್ಲಿ ಯಂತ್ರ ನಾಟಿ ಮಾಡುವ ವೀಡಿಯೋ ಹಾಕಿದರು. ಮೂವರೂ ಅದರ ಕೆಳಗೆ ಚಪ್ಪಾಳೆ ಹಾಕಿದರು. ಟ್ರ್ಯಾಕ್ಟರ್ ಹೂತಲ್ಲೇ ಇತ್ತು.

ನನ್ನ ಫೋನಿಗೆ ಅವಳ ದನಿ ಬರುತ್ತಿತ್ತು. ದೂರು ಇಲ್ಲ, ಅಳು ಇಲ್ಲ. ಇವತ್ತು ಸಂತಿ ಇತ್ತರಿ ಅಕ್ಕಾರ, ನಾಕನೇದು. ಅಷ್ಟೇ ಹೇಳಿ ಮುಗಿಸಿದ್ದಳು, ಹಿಂದಿನಿಂದ ಮಳೆಯ ಸದ್ದು. ನಾನು ದೋಸೆಕಾವಲಿ ಇಳಿಸಿ ಅದನ್ನು ಎರಡು ಸಲ ಕೇಳಿದೆ. ಸಂಜೆ ಗಂಡನಿಗೂ ಕೇಳಿಸಿದೆ. ಅಣ್ಣನಿಗೆ ಹೇಳಿ ನೋಡ್ತೇನೆ ಎಂದರು. ಮೂರು ದಿನ ಬಿಟ್ಟು ಕೇಳಿದಾಗ, ಅಣ್ಣ ಮೂಡಿನಲ್ಲಿಲ್ಲ ಎಂದರು.

ಮರುವಾರ ಒಂದು ಬೆಳಿಗ್ಗೆ ಅವರು ಆಫೀಸಿಗೆ ಹೊರಟ ಮೇಲೆ ನಾನು ಡೊಂಬಿವಲಿಯಿಂದ ಕಲ್ಯಾಣಕ್ಕೆ ಲೋಕಲ್ ಹಿಡಿದೆ. ಮೊದಲು ಟೈರಿನ ಅಂಗಡಿಗೆ. ಅಂಗಡಿಯವನು ನನ್ನನ್ನು ಗುರುತಿಸಿದ. ಪೇವರ್ ಬ್ಲಾಕಿನವರನ್ನು ಅವನು ಅಷ್ಟು ಬೇಗ ಮರೆಯಲಾರ. ಕಬ್ಬಿಣದ ಗಾಲಿಯ ಬಗ್ಗೆ ಕೇಳಿದೆ. ಅದನ್ನು ಯಾರೂ ರಸ್ತೆಯ ಮೇಲೆ ಓಡಿಸುವುದೇ ಇಲ್ಲವಂತೆ. ಗದ್ದೆಯ ಅಂಚಿಗೆ ಹೊತ್ತು ತಂದು, ಅಲ್ಲೇ ಟೈರಿನ ಬದಿಗೆ ಬೋಲ್ಟು ಹಾಕಿ ಬಿಗಿದು, ಕೆಲಸ ಮುಗಿದ ಮೇಲೆ ಅಲ್ಲೇ ಬಿಚ್ಚುವುದಂತೆ. ಇಷ್ಟನ್ನು ಹೇಳಿ, ಗಾಡಿ ಓಡಿಸುವವನಿಗೆ ಇದು ಗೊತ್ತಿರಬೇಕಲ್ಲ ಎಂದ. ಗೊತ್ತಿದೆ, ಅಂದೇ ಹೇಳಿದ ಎಂದೆ. ಅವನು ಸೀಮೆಸುಣ್ಣವನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಅಲ್ಲೇ ಇಟ್ಟುಕೊಂಡ. ನನ್ನಂಥ ಹೆಂಗಸಿಗೆ ಅದಕ್ಕಿಂತ ಹೆಚ್ಚು ಹೇಳಬಾರದೆಂಬ ಮರ್ಯಾದೆ ಅವನಿಗಿತ್ತು.

ಅಲ್ಲಿಂದ ಶೇರ್ ಆಟೋದಲ್ಲಿ ಜಮೀನಿಗೆ ಹೋದೆ. ಹಳ್ಳದಾಚೆಯ ರೈತನ ಜೊತೆ ರಾಯಚೂರಿನವನು ಎಂದೋ ಮಾತಾಡಿಟ್ಟಿದ್ದ. ಆ ರೈತ ತನ್ನ ಟ್ರ್ಯಾಕ್ಟರಿನಿಂದ ಎಳೆದು ಕೊಡಲೂ ಗಾಲಿ ಕೊಡಲೂ ಸಿದ್ಧನಿದ್ದ. ಬದಲಿಗೆ ಅವನ ಗದ್ದೆಯ ನಾಟಿಗೆ ಇವರಿಬ್ಬರೂ ಎರಡು ದಿನ ಹೋಗಬೇಕು, ಅಷ್ಟೇ.

"ಮತ್ತೆ ಯಾಕೆ ಸುಮ್ಮನಿದ್ದೀರಿ?" ಎಂದೆ.

"ಗಾಡಿ ನಮ್ದಲ್ಲಲ್ರಿ" ಎಂದ ಅವನು. "ಮಾಲಕರ ಒಂದ್ ಮಾತ್ ಬೇಕ್ರಿ."

ಆ ಮಾತನ್ನು ನಾನು ಒಂದು ವಾರ ಮೊದಲೇ ಕೊಡಬಹುದಿತ್ತು. ಕೊಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಬೇಕೆಂದುಕೊಂಡದ್ದು ನಾನು. ಆ ಮೂವರ ಬಗ್ಗೆ ನನಗಿರುವ ತಿರಸ್ಕಾರದಲ್ಲಿ ಒಂದು ಪಾಲು ನನಗೂ ಸಲ್ಲಬೇಕು. ಕಟ್ಟಿಸಿ, ನಾನು ಹೇಳಿದ್ದೇನೆ ಎನ್ನಿ ಎಂದೆ. ಅವನು ಅವಳ ಮುಖ ನೋಡಿದ. ಅವಳು ಆಗಲೇ ಹಳ್ಳದ ಕಡೆ ನಡೆದಿದ್ದಳು.

ಕಬ್ಬಿಣದ ಗಾಲಿ ಎಂದರೆ ದೊಡ್ಡದೊಂದು ಪಂಜರದ ಹಾಗೆ, ನಡುವೆ ಬರೀ ಖಾಲಿ. ಮಣ್ಣು ಕೂರಲು ಅಲ್ಲಿ ಜಾಗವೇ ಇಲ್ಲ. ಎದ್ದು ಬಂದ ಟ್ರ್ಯಾಕ್ಟರ್ ಅದನ್ನು ಕಟ್ಟಿಕೊಂಡು ಗದ್ದೆಯ ತುಂಬ ಓಡಾಡಿತು, ಒಂದು ಕಡೆಯೂ ನಿಲ್ಲಲಿಲ್ಲ. ಎರಡು ಗದ್ದೆಗಳೂ ಮರುದಿನ ಮಧ್ಯಾಹ್ನದೊಳಗೆ ಹಿಟ್ಟಿನ ಹಾಗೆ ಆದವು ಎಂದು ಅವಳು ಹೇಳಿಕಳಿಸಿದಳು.

ನಾಟಿಯ ದಿನ ನಾನು ಮತ್ತೆ ಹೋದೆ. ಐದನೇ ಸಂತೆ ಕಳೆದಿತ್ತು. ಅವಳು ಒಂದೊಂದು ಹಿಡಿ ಸಸಿ ಕಿತ್ತು, ಬೇರು ತೊಳೆದು, ಬುಡವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡುತ್ತಿದ್ದಳು. ಗೆಣ್ಣು ಬಂದದ್ದು ಎಡಕ್ಕೆ, ಬರದದ್ದು ಬಲಕ್ಕೆ. ಎಡಗಡೆಯ ರಾಶಿ ಬೇಗ ಬೆಳೆಯಿತು. ಬಲಗಡೆಯದ್ದು ಎರಡರಲ್ಲಿ ಮೇಲಿನ ಗದ್ದೆಗೆ ಮಾತ್ರ ಸಾಕಾಯಿತು. ಕೆಳಗಿನದು ಹದವಾದ ಕೆಸರು ತುಂಬಿಕೊಂಡು, ಮೋಡದ ನೆರಳು ಬಿಟ್ಟರೆ ಬೇರೇನೂ ಇಲ್ಲದೆ ಉಳಿಯಿತು. ಎಡಗಡೆಯ ರಾಶಿಯನ್ನು ಹಳ್ಳದಾಚೆಯ ರೈತನ ಎಮ್ಮೆಗೆ ಹಾಕಿದರು.

ಮೀಟಿಂಗಿಗೆಂದು ಭಾನುವಾರ ಬಂದ ಭಾವ ಹಸಿರು ನೋಡಿ ಹಿಗ್ಗಿದರು. ನಾನು ಮಾಡಿದ್ದನ್ನು ನನ್ನ ಗಂಡ ದಾರಿಯಲ್ಲಿ ಮೆತ್ತಗೆ ಹೇಳಿದ್ದರು. ಭಾವ ಅದನ್ನು ಕೇಳಿಸಿಕೊಂಡದ್ದು, ಒಟ್ಟಿನಲ್ಲಿ ನಮ್ಮ ಮನೆಯವರೇ ಮಾಡಿಸಿದ್ದು ಎಂದು. ಫೋಟೋ ತೆಗೆದು ಗುಂಪಿಗೆ ಹಾಕಿ ಟೀಮ್ ವರ್ಕ್ ಎಂದು ಬರೆದರು. ಆಮೇಲೆ ಕೆಳಗಿನ ಗದ್ದೆ ಯಾಕೆ ಖಾಲಿ, ನೇಜಿ ಕಮ್ಮಿ ಹಾಕಿದಿರಾ ಎಂದು ಅವಳನ್ನು ಕೇಳಿದರು.

"ಸಸಿ ಬೇಕಾದಷ್ಟ ಇದ್ದೂರಿ ಸಾಹೇಬ್ರ" ಎಂದಳು ಅವಳು. "ಮೀಟಿಂಗ್ ಬರೂತನಕ ಕಾಯಲಿಲ್ಲ ನೋಡ್ರಿ ಅವು."

ಭಾವ ನಕ್ಕರು, ಅದನ್ನು ತಮಾಷೆ ಎಂದು ತಿಳಿದು.

ಕೊಯ್ಲಾದ ಮೇಲೆ ಗಂಡ ಹೆಂಡತಿಯ ಪಾಲಿಗೆ ಬಂದದ್ದು ಅರ್ಧ ವರ್ಷಕ್ಕೂ ಸಾಲುವಂತಿರಲಿಲ್ಲ. ಆ ವಾರವೇ ಅವನು, ಹಳ್ಳದಾಚೆಯ ರೈತನ ಹತ್ತಿರ ಇರುತ್ತೇವೆ, ಅವನು ಎರಡು ಗದ್ದೆ ಪಾಲಿಗೆ ಕೊಡುತ್ತಾನೆ ಎಂದು ತಿಳಿಸಿದ. ಭಾವನಿಗೆ ನಿಜಕ್ಕೂ ನೋವಾಯಿತು. "ನಾವು ಎಂತ ಕಮ್ಮಿ ಮಾಡಿದ್ದೆವು ಇವರಿಗೆ?" ಎಂದು ನನ್ನನ್ನು ಕೇಳಿದರು. ಈ ಜನ ಒಂದು ಕಡೆ ನಿಲ್ಲುವುದಿಲ್ಲ ಎಂದು ನೌಪಾಡಾದವರು ಸಮಾಧಾನ ಹೇಳಿದರು. ನನ್ನ ಗಂಡ ಒಳಗೆ ಹೋಗಿ ನೀರು ಕುಡಿದರು.

ಆ ಗಂಡ ಹೆಂಡತಿ ಹೊರಟ ದಿನ ನಾನು ಹಳ್ಳದವರೆಗೆ ಹೋದೆ. ಅವನು ಚೀಲಗಳನ್ನು ಆಗಲೇ ಆಚೆ ಸಾಗಿಸಿದ್ದ. ಅವಳ ಕಂಕುಳಲ್ಲಿ ಹಳೆಯ ಸೀರೆಯ ಒಂದು ಗಂಟು ಉಳಿದಿತ್ತು. ತಿನ್ನುವ ಪಾಲಿನಿಂದಲೇ ತೆಗೆದಿಟ್ಟ ಬೀಜದ ಭತ್ತ. ತಿನ್ನುವುದೇ ಸಾಲದಿರುವಾಗ ಇಷ್ಟು ಯಾಕೆ ತೆಗೆದೆ ಎಂದು ಕೇಳಿದೆ.

"ಅಲ್ಲೆ ಹೇಳಿದ ದಿನ ಗಾಡಿ ಇಳೀತೈತ್ರಿ ಅಕ್ಕಾರ" ಎಂದಳು. "ಎರಡೂ ಗದ್ದಿಗಿ ಆಗ್ಬೇಕಲ್ರಿ."

ಮೇಲಿನಿಂದ ಭಾವ, ಗೇಟಿನ ಕೀಲಿ ಕೊಟ್ಟು ಹೋಗಲು ಹೇಳು ಎಂದು ಕೂಗಿದರು. ಅವಳು ಅದನ್ನು ಸೊಂಟದಿಂದ ಬಿಚ್ಚಿ ನನ್ನ ಕೈಗೆ ಕೊಟ್ಟು, ಗಂಟನ್ನು ತಲೆಯ ಮೇಲಿಟ್ಟುಕೊಂಡು ನೀರಿಗೆ ಇಳಿದಳು.